ಧಾರೆ, ಕಪ್ಪು ಬಿಳುಪಿನಲ್ಲಿ

ತಂಗಿ ಸುಗುಣಳ ಮದುವೆಗೆ ರಜೆ ಸಿಗಲಿಲ್ಲ,
ಸೀರೆಯ ದುಡ್ಡು ಹೊಂದಿಸಿ ಕಳಿಸಿದೆ.
ಎರಡು ತಿಂಗಳಿಗೆ ಡಿಸ್ಕು ಬಂತು ಮನಾಮಾಕ್ಕೆ,
ಉಪ್ಪಿನಕಾಯಿ ಬಾಟಲಿಯ ಜೊತೆ, ಎಣ್ಣೆ ಮೆತ್ತಿಕೊಂಡು.

ನಮ್ಮ ಕೋಣೆಯದು ಹಳೆಯ ವೀಸೀಡಿ ಪ್ಲೇಯರು.
ಬಾಯ್ತುಂಬ ಡಿಸ್ಕಿಟ್ಟುಕೊಂಡು
‘ಡಿಸ್ಕ್ ಇಲ್ಲ’ ಎಂದಿತು.
ಒರೆಸಿದೆವು, ಊದಿದೆವು, ಲುಂಗಿಯಲ್ಲಿ ತಿಕ್ಕಿದೆವು.
ಇಲ್ಲವೆಂದರೆ ಇಲ್ಲ.

ಕೆಳಗಿನ ಅಂಗಡಿಯ ಕುಂಞಿಮೋನು ಬೆಳಕಿಗೆ ಹಿಡಿದ:
‘ಇದು ಡೀವೀಡಿ. ಅದರಲ್ಲೂ ಪ್ಲಸ್ಸು.
ನನ್ನ ಮೆಷಿನ್ನು ಮೈನಸ್ಸು ಮಾತ್ರ ತಿನ್ನುತ್ತದೆ.’
ಡಿಸ್ಕಿಗೂ ಜಾತಿ, ಒಳಜಾತಿ.
ಮಡಿ ಹಿಡಿದ ಯಂತ್ರಕ್ಕೆ ಬುದ್ಧಿ ಹೇಳುವವರು ಯಾರು?

ಕೊನೆಗೆ ಗುದೈಬಿಯಾದಿಂದ ಒಂದು ಚೀನಾ ಪ್ಲೇಯರು,
ಹತ್ತು ದಿನಾರು, ಕೊಟ್ಟದ್ದೆಲ್ಲ ತಿನ್ನುವಂಥದು.
ಟೀವಿ ಮಾತ್ರ ಜುಫೈರಿನ ಅಮೆರಿಕನ್ನನೊಬ್ಬ
ಊರಿಗೆ ಹೊರಡುವಾಗ ಮಾರಿದ್ದು;
ನಮ್ಮ ಕಡೆಯ ಬಣ್ಣ ಅದಕ್ಕೆ ತಿಳಿಯದು.

ಎಂಟು ಮಂದಿ ಮಂಚದಲ್ಲಿ ಸಾಲಾಗಿ ಕೂತು
ಧಾರೆ ನೋಡಿದೆವು, ಕಪ್ಪು ಬಿಳುಪಿನಲ್ಲಿ.
ಚಿತ್ರ ಮೇಲೇರಿ ಮೇಲೇರಿ ಉರುಳುತ್ತಿತ್ತು,
ಮಾವ ಎರೆದ ನೀರು ಕೆಳಗೆ ಬೀಳಲೇ ಇಲ್ಲ.
‘ಸೀರೆ ಕೆಂಪು’ ಎಂದ ವಸಂತ.
‘ಅಲ್ಲ ಮಾರಾಯ, ನೇರಳೆ.’
ಒಂದು ದಿನಾರಿನ ಪಂಥ.

ಶುಕ್ರವಾರ ಫೋನು ಮಾಡಿದೆ,
ಕಾರ್ಡಿನಲ್ಲಿ ಎರಡು ನಿಮಿಷ ಉಳಿದಿತ್ತು.
ಅವಳು ಮೊದಲು ಸುಮ್ಮನಾದಳು, ಮತ್ತೆ ನಕ್ಕಳು:
‘ಒಂದೇ ಒಗೆತಕ್ಕೆ ಬಣ್ಣ ಬಿಟ್ಟಿತು ಅಣ್ಣ,
ಈಗ ನಿನ್ನ ಟೀವಿಯಲ್ಲಿ ಇರುವ ಹಾಗೇ ಉಂಟು.’

ಪಂಥ ಯಾರೂ ಗೆಲ್ಲಲಿಲ್ಲ.
ಆ ದಿನಾರಿಗೆ ಕೋಳಿ ತಂದೆವು.