ಚೀಲದ ತೂಕ

ಮೊದಲು ಗುಂಡಿಮಗ್ಗವನ್ನೇ ಹೂಡಿದ್ದೆ.
ಗಜೇಂದ್ರಗಡದಲ್ಲಿ ಕಲಿತದ್ದು ಹಾಗೆ:
ಸೊಂಟದ ತನಕ ನೆಲದೊಳಗೆ ಇಳಿದು
ಭೂಮಿಯನ್ನೇ ಕುರ್ಚಿ ಮಾಡಿಕೊಂಡು.
ಸುಂಟಿಕೊಪ್ಪದ ಭೂಮಿ ಒಪ್ಪಲಿಲ್ಲ.
ಜೂನ್ ಎರಡನೇ ವಾರ ಗುಂಡಿಯಲ್ಲಿ ಒರತೆ ಎದ್ದು
ಮೆಟ್ಟುಹಲಗೆ ತೇಲಿತು.
ಅದರ ಮೇಲೊಂದು ಕಪ್ಪೆ ಕೂತು
ನನ್ನನ್ನು, ಬಾಡಿಗೆಗೆ ಬಂದವಳನ್ನು ನೋಡುವಂತೆ, ನೋಡಿತು.

ಈಗಿನದು ನಿಲುವು ಮಗ್ಗ, ಸಿಲ್ವರ್ ಮರದ್ದು.
ಹಳೇ ಪಲ್ಪರ್ ಶೆಡ್ಡಿನ ಮೂಲೆ.
ಗೋಡೆ ಇನ್ನೂ ಕಾಫಿ ಸಿಪ್ಪೆಯ ಹುಳಿ ನಾತ ಬಿಟ್ಟಿಲ್ಲ,
ನಾನೂ ಬಿಡಿಸಲು ಹೋಗಿಲ್ಲ.

ನೂಲು ಕೊಂಡದ್ದಲ್ಲ.
ಪೊನ್ನುತ್ತಾಯಿ ಬಿಚ್ಚಿದ್ದು, ಚೋಮಿ ಬಿಚ್ಚಿದ್ದು,
ಕೆಲಸ ಬಿಟ್ಟ ಮೇಲೆ ಲೈನ್ ಮನೆಯ ಮೆಟ್ಟಿಲಲ್ಲಿ
ಹರಿದ ಗೋಣಿಯ ಒಂದೊಂದೇ ಎಳೆ.
ಗಂಟೆಗೆ ಇಷ್ಟು ಅಂದೆ.
ಬಿಚ್ಚೋದಕ್ಕೂ ಕೂಲಿಯಾ, ಅಂದಳು ಚೋಮಿ,
ಹೊಲಿದದ್ದಕ್ಕೇ ಯಾರೂ ಕೊಟ್ಟಿಲ್ಲ.

ಚೀಲದ ಮೇಲೆ ಕಪ್ಪು ಶಾಯಿಯ ಅಚ್ಚಿತ್ತು:
ಎಸ್ಟೇಟಿನ ಹೆಸರು, ಇಸವಿ, ನಿವ್ವಳ ಐವತ್ತು.
ಎಳೆ ಬಿಚ್ಚಿದಂತೆ ಅಕ್ಷರ ಚೂರಾಯಿತು.
ಈ ನೂಲಲ್ಲೊಂದು ಚುಕ್ಕೆ,
ಮೊಳ ಬಿಟ್ಟು ಇನ್ನೊಂದು.
ಲಾಳಿ ಹೋಗಿ ಬಂದು, ಹೋಗಿ ಬಂದು
ಆ ಹೆಸರು ಒಂಬತ್ತಡಿ ಬಟ್ಟೆಯ ತುಂಬ
ಎಳ್ಳು ಚೆಲ್ಲಿದ ಹಾಗೆ ಚೆಲ್ಲಿಹೋಯಿತು.
ಯಾರು ಆರಿಸಿ ಓದುತ್ತಾರೋ ಓದಲಿ.

ಅಂಚಿಗೆ ಜಿಗಣೆ ಕಾಲ್ಚೀಲದ ಪಟ್ಟಿಗಳು.
ಮಂಡಿಗೆ ಕಟ್ಟುವ ಆ ಕೋರಾಬಟ್ಟೆ,
ಎಷ್ಟು ಒಗೆದರೂ ಹೋಗದ ಕಂದು ಕಲೆ ಸಮೇತ.
ಬಣ್ಣ ಎಲ್ಲಿಂದ ತರಿಸಿದಿರಿ ಅಂತ
ಮುಂದೆ ಯಾರಾದರೂ ಕೇಳಬಹುದು.

ಚೋಂದಮ್ಮತ್ತೆ ಬಂದರು, ಮೂಗಿಗೆ ವಸ್ತ್ರ ಹಿಡಿದು.
ಉಡೋದಾ?
ಅಲ್ಲ.
ಹಾಸೋದಾ, ಹೊದೆಯೋದಾ?
ಅಲ್ಲ ಅತ್ತೆ, ಗೋಡೆಗೆ.
ಗೋಡೆಗೆ ಚಳಿಯಾ?
ನಿಮ್ಮ ಗೋಡೆಗೆ ಕೊಂಬು ಯಾಕೆ ಬೇಕಿತ್ತು,
ಆ ಕಾಟಿಯ ತಲೆ ಅರವತ್ತು ವರ್ಷದಿಂದ ಅಲ್ಲೇನು ಮೇಯುತ್ತಿದೆ,
ಅಂತ ಬಾಯಿಗೆ ಬಂತು. ಕಾಫಿ ಕೊಟ್ಟೆ.
ಹೊರಡುವಾಗ ಅವರ ಬೆರಳು ಮಾತ್ರ
ಅಂಚಿನ ಮೇಲೆ ಸ್ವಲ್ಪ ಹೊತ್ತು ನಿಂತಿತ್ತು.

ಹೂಮಳೆ ಬಿದ್ದ ವಾರ ಕಾಗದ ಬಂತು.
ಪ್ರದರ್ಶನ, ಲಾರಿ, ವಿಮೆ, ಒಂದು ಫಾರಂ.
ಕಲಾವಿದೆಯ ಹೆಸರು: ಒಂದೇ ಗೆರೆ.
ಸುಳ್ಳೇಕೆ, ಪೆನ್ನು ನನ್ನದೊಂದನ್ನೇ ಬರೆದು
ಚುಕ್ಕಿಯನ್ನೂ ಇಟ್ಟಿತ್ತು.
ಕೆಳಗೆ: ಅಳತೆ. ತೂಕ.

ಬಟ್ಟೆ ಸುತ್ತಿ ಮೂವರೂ ಹೊತ್ತು ಕಣಕ್ಕೆ ಹೋದೆವು.
ಊರಲ್ಲಿ ಅಷ್ಟು ದೊಡ್ಡ ತಕ್ಕಡಿ ಅದೊಂದೇ.
ಕುಯಿಲಿನ ದಿನ ಸಂಜೆ ಹಣ್ಣು ತೂಗುವಾಗ
ರೈಟರ್ ಅಯ್ಯಣ್ಣ ಚೀಲಕ್ಕೆಂದು ಒಂದು ಕೆಜಿ ಕಳೆಯುತ್ತಾರೆ.
ಚೀಲ ಅಷ್ಟಿರುವುದಿಲ್ಲ.
ಅದು ಎಲ್ಲರಿಗೂ ಗೊತ್ತು, ಚೀಲಕ್ಕೂ ಗೊತ್ತು.

ಮುಳ್ಳು ನಡುಗಿ ನಿಂತಿತು.
ಹನ್ನೊಂದೂವರೆ, ಅಂದರು.
ಅಭ್ಯಾಸಬಲ, ಪೆನ್ಸಿಲು ಆಗಲೇ
ಹತ್ತು ಬರೆದು, ಅರ್ಧಕ್ಕೆ ಕೈಹಾಕಿತ್ತು.

ಹದಿನಾರು ವರ್ಷದಲ್ಲಿ ಮೊದಲ ಸಲ
ಪೊನ್ನುತ್ತಾಯಿ ಪುಸ್ತಕದ ಮೇಲೆ ಅಂಗೈ ಇಟ್ಟಳು:

ಚೀಲದ ತೂಕ ಕಳೀಬೇಡಿ ರೈಟ್ರೆ,
ಇದು ಪೂರ್ತಿ ಚೀಲವೇ.