ದಾರ ಬಿಗಿದರೆ

ಲಿಯೆಪಾಯದಲ್ಲಿ ಗಾಳಿಗೆ ರಜೆಯಿಲ್ಲ.
ನಾವಿಕರ ಶಾಲೆಯ ಮೂರನೇ ಮಹಡಿ,
ಕಿಟಕಿಯ ಸಂದಿಗೆಲ್ಲ ಅಂಟುಪಟ್ಟಿ,
ಹೀಟರಿನ ಮೇಲೆ ಒಣಗುವ ಹದಿನಾರು ಜೊತೆ ಕೈಗವಸು.
ಪರದೆಯಲ್ಲಿ ಗಿರ್ತ್ಸ್ ಎಳೆದ ಗೆರೆ
ನಮ್ಮ ಬಂದರಿನಿಂದ ಹ್ಯಾಲಿಫ್ಯಾಕ್ಸಿಗೆ
ನೂಲು ಹಿಡಿದ ಹಾಗೆ ನೇರ,
ಮತ್ತು ತಪ್ಪು.

ತಪ್ಪು ಹುಡುಗನದಲ್ಲ.
ದುಡ್ಡು ಕೊಡಬೇಕಿಲ್ಲದ, ಯಾರಾದರೂ ತಿದ್ದಬಹುದಾದ
ಈ ತಂತ್ರಾಂಶಕ್ಕೆ ಗೊತ್ತಿದ್ದದ್ದು ಒಂದೇ ಲೋಕ:
ಲಟ್ಟಿಸಿದ ಹಿಟ್ಟಿನಂತೆ ಚಪ್ಪಟೆ,
ಅಂಚು ಮಾತ್ರ ಇಲ್ಲ.
ತಿದ್ದಬಹುದಾದವರು ತಿದ್ದಲಿಲ್ಲವಲ್ಲ ಎಂದು
ನಾನೇ ಕೂತೆ. ಆಗ ನವೆಂಬರ್.

ಓಯಾರ್ಸ್ ಬಂದದ್ದು ಕೆಮ್ಮುತ್ತ, ಮೆಟ್ಟಿಲು ಬೈಯುತ್ತ.
ನಲವತ್ತು ವರ್ಷ ಬಂದರಿನ ಕಚೇರಿಯಲ್ಲಿ
ಕಡಲ ನಕ್ಷೆಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿದವನು:
ಹೊಸದಾಗಿ ಮುಳುಗಿದ ಹಡಗು, ಜರುಗಿದ ತೇಲುಗುಂಡು,
ಆರಿಹೋದ ಒಂದು ದೀಪ.
ಕಂಪ್ಯೂಟರ್ ಮುಟ್ಟುವವನಲ್ಲ.
ಕೋಟಿನ ಜೇಬಿನಿಂದ ತೆಗೆದ
ಅಜ್ಜನ ಬಲೆಯ ಹಸಿರು ಗಾಜಿನ ಬುಂಡೆ,
ಒಂದು ಮೊಳ ದಾರ.
ಇಲ್ಲೊಂದು ಬೆರಳು, ಅಲ್ಲೊಂದು ಬೆರಳು.
"ಎಳಿ" ಅಂದ. ಎಳೆದೆ.
ದಾರ ತಾನಾಗಿ ಜಾರಿ
ಬಡಗಣಕ್ಕೆ ಸರಿದು ಕೂತಿತು.

ದಾರ ಬಿಗಿದರೆ ದಾರಿ.
"ನಿನ್ನ ಯಂತ್ರಕ್ಕೆ ಇಷ್ಟು ಹೇಳು, ಸಾಕು."

ಇಷ್ಟು ಹೇಳಲು ಹನ್ನೊಂದು ವಾರ.

ಸಾವಿರಾರು ಸಾಲುಗಳ ಕೆಳಗೆ, ನೆಲಮಾಳಿಗೆಯಲ್ಲಿ,
ಪ್ಲೊವ್ದಿವ್ ಊರಿನ ವೆಸೆಲಿನ್ ಎಂಬವನು
ಇಪ್ಪತ್ತು ವರ್ಷದ ಹಿಂದೆ ಬರೆದಿಟ್ಟಿದ್ದ:
'ಎರಡು ಗೆರೆ ಕೂಡಿದರೆ ಒಂದೇ ಕಡೆ.
ಇದನ್ನು ಮುಟ್ಟಬೇಡಿ.'
ಮುಟ್ಟಿದೆ.
ಗೋಳದ ಮೇಲೆ ಎರಡು ಗೆರೆ ಕೂಡುವುದು ಎರಡು ಸಲ,
ಇಲ್ಲೊಮ್ಮೆ, ಹೊಟ್ಟೆಯ ಆಚೆ ಬದಿಗೆ ಇನ್ನೊಮ್ಮೆ.
ಎರಡನೆಯ ಬಿಂದು ಒಳಗೆ ಕಾಲಿಟ್ಟದ್ದೇ
ನಲವತ್ತಮೂರು ಕಡತ ಮುಗ್ಗರಿಸಿದವು.
ರೇಖಾಖಂಡಕ್ಕೆ ಗೊಂದಲ, ಹತ್ತಿರದ ದಾರಿಯೋ ಬಳಸುದಾರಿಯೋ.
ಬಾಲ್ಟಿಕ್ಕಿನ ನಡುವೆ ಇರಬೇಕಾದ ಮಧ್ಯಬಿಂದು
ನ್ಯೂಜಿಲೆಂಡಿನ ಆಚೆ ತಣ್ಣನೆಯ ನೀರಿನಲ್ಲಿ
ಒಂಟಿಯಾಗಿ ಮಿನುಗುತ್ತಿತ್ತು.

ವೆಸೆಲಿನ್‌ಗೆ ಬರೆದೆ. ನಾಲ್ಕು ದಿನಕ್ಕೆ ಉತ್ತರ:
"ಆಗ ಮಗಳು ಹುಟ್ಟಿದ್ದಳು. ನಿದ್ದೆಯಿರಲಿಲ್ಲ.
ಒಂದೇ ಸಾಕು ಅನ್ನಿಸಿತ್ತು. ತಿದ್ದಿ."

ಕೊನೆಗೆ ಉಳಿದದ್ದು ಸಮಾಂತರದ ಗುಂಡಿ.
ಗೆರೆಯ ಹೊರಗೊಂದು ಬಿಂದುವಿಟ್ಟು ಒತ್ತಿದರೆ
ಕೆಂಪಕ್ಷರ: ದೋಷ, ಗೆರೆ ಸಿಗಲಿಲ್ಲ.
ಓಯಾರ್ಸ್ ಕನ್ನಡಕ ಹಣೆಗೇರಿಸಿ
ಮೂಗು ತಾಗುವಷ್ಟು ಹತ್ತಿರ ಬಂದು ಓದಿದ.
"ದೋಷ ಯಾರದು?"
ಸುಮ್ಮನಿದ್ದೆ.
"ಬಂಡೆ ಇಲ್ಲದ ಕಡೆ ನಾನು ನಕ್ಷೆಯಲ್ಲಿ
ಬಂಡೆ ಸಿಗಲಿಲ್ಲ ಅಂತ ಬರೀತಿದ್ದೆನೇ?
ಆಳ ಎಷ್ಟು ಅಂತ ಬರೀತಿದ್ದೆ."

ಅವನು ಹೋದ ಮೇಲೆ ತುಂಬಾ ಹೊತ್ತು ಕೂತಿದ್ದೆ.
ಟ್ರಾಮು ಎರಡು ಸಲ ಹೋಯಿತು.
ಅಳಿಸಿ ಬರೆದೆ:
ಇಲ್ಲಿ ಎಲ್ಲ ಗೆರೆಗಳೂ ಕೂಡುತ್ತವೆ.
ಕೆಂಪು ತೆಗೆದು ನೀಲಿ ಹಾಕಿದೆ.
ಆ ದಿನದ ಕೆಲಸ ಅಷ್ಟೆ.

ಫೆಬ್ರವರಿಯಲ್ಲಿ ಗಿರ್ತ್ಸ್ ಕೂಗಿದ:
"ಟೀಚರ್, ಇದು ಕೆಟ್ಟುಹೋಗಿದೆ!
ತ್ರಿಕೋನ ಇನ್ನೂರ ಎಪ್ಪತ್ತು ತೋರಿಸ್ತಿದೆ!"
ಧ್ರುವದಿಂದ ಇಳಿದು, ಸಮಭಾಜಕದ ಮೇಲೆ ಕಾಲು ಸುತ್ತು ನಡೆದು
ಮತ್ತೆ ಧ್ರುವಕ್ಕೆ ಹತ್ತಿದ ಅವನ ತ್ರಿಕೋನ:
ಮೂರು ಮೂಲೆ, ಮೂರೂ ಲಂಬ.
ನಾನು ಬಾಯಿ ತೆರೆಯಲಿಲ್ಲ.
ಗಾಜಿನ ಬುಂಡೆ ಅವನ ಕೈಗಿಟ್ಟೆ.
ಗಂಟೆ ಹೊಡೆದರೂ ಎದ್ದಿರಲಿಲ್ಲ,
ಹಲ್ಲಲ್ಲಿ ದಾರ ಕಚ್ಚಿಕೊಂಡು ಸುತ್ತುತ್ತಿದ್ದ.

ಈಗ ಯಾರೋ ಇನ್ನೊಂದು ಲೋಕ ಕೇಳಿದ್ದಾರೆ,
ಜೀನಿನಂತೆ ಬಾಗಿದ್ದು,
ಒಂದು ಬಿಂದುವಿನಿಂದ ಹೊರಟ ಎಷ್ಟೋ ಗೆರೆ
ಎದುರಿನ ಗೆರೆಯನ್ನು ಎಂದೂ ಮುಟ್ಟದೆ ಹೋಗುವಂಥದ್ದು.
ಓಯಾರ್ಸ್‌ಗೆ ಹೇಳಿದೆ. ಇದಕ್ಕೆ ಯಾವ ಬುಂಡೆ ತರುತ್ತೀ?

ಶನಿವಾರ ಮಾರುಕಟ್ಟೆಯಲ್ಲಿ ಕಂಡೆ.
ನಿರಿಗೆ ನಿರಿಗೆಯಾದ ಕೋಸಿನೆಲೆಯ ಅಂಚನ್ನು
ಹೆಬ್ಬೆರಳಲ್ಲಿ ಸವರುತ್ತ ನಿಂತಿದ್ದ,
ಅಂಗಡಿಯವಳು ಗೊಣಗುವ ತನಕ.
ಎರಡು ಕೊಂಡ.
ಒಂದು ಸಾರಿಗೆ.