ಮೂರನೇ ಕೈ

ಮೂವತ್ತೊಂದು ವರ್ಷ ಓಡೂ ಗಾಡ್ಯಾಗ ನಿಂತಾಂವ ನಾ.
ಅಕ್ಕಲಕೋಟ–ಸೋಲಾಪುರ, ಸೋಲಾಪುರ–ಅಕ್ಕಲಕೋಟ,
ಒಂದ್ ಕೈಯಾಗ ಚಿಲ್ಲರ, ಒಂದ್ ಕೈಯಾಗ ಪಂಚ್,
ಹಿಡೀಲಿಕ್ಕೆ ಮೂರನೇ ಕೈ ಎಲ್ಲಿಂದ ತರಲಿ?
ಸೊಂಟ ಸೀಟಿಗೆ ಆನಿಸಿ, ಕಾಲು ಅಗಲ ಮಾಡಿ ನಿಂತರ
ವಳಸಂಗದ ತಿರುವು ಮೊದಲು ಮೊಣಕಾಲಿಗೆ ಗೊತ್ತಾಗತಿತ್ತು,
ಆಮ್ಯಾಲೆ ಡ್ರೈವರಗ.

ಅಂಥಾಂವ
ಹೋದ ಶ್ರಾವಣದಾಗ ಮೈಂದರ್ಗಿ ನಾಕಾದಾಗ
ನಿಂತ ನೆಲದ ಮ್ಯಾಲೆ ಬಿದ್ದೆ.
ಗಾಡಿ ಇಲ್ಲ, ಬ್ರೇಕ್ ಇಲ್ಲ, ತಿರುವಿಲ್ಲ.
ಎಲುಬು ಮುರೀಲಿಲ್ಲ. ಡಾಕ್ಟರ್ ಫೋಟೋ ತಗದು
"ಏನೂ ಆಗಿಲ್ಲ" ಅಂದ್ರು.

ಆಗಿತ್ತು.
ಹಾಸಿಗಿಯಿಂದ ಮೋರಿತನಕ ಹದಿನಾಲ್ಕು ಹೆಜ್ಜಿ,
ಗ್ವಾಡಿ ಹಿಡಕೊಂಡು ಹೋಗಿ ಹೋಗಿ
ಸುಣ್ಣದ ಮ್ಯಾಲೆ ಅಂಗೈ ಎತ್ತರಕ್ಕೊಂದು ಕಂದು ಗೆರಿ ಬಿತ್ತು,
ಹೊಳಿ ಏರಿ ಇಳದ ಗುರುತಿನಂಗ.
ಸೊಸಿ ಒಳ್ಳೇಕಿ. "ಏಳಬ್ಯಾಡ್ರಿ ಮಾಮಾ, ನಾ ತರತೀನಿ."
ನೀರು ತಂದ್ಲು, ಪೇಪರು, ಚಸ್ಮಾ, ಕಡೀಕ ಚಪ್ಪಲಿನೂ.
ಚಪ್ಪಲಿ ಯಾಕಂತ ನಾನೂ ಕೇಳಲಿಲ್ಲ, ಆಕೀನೂ ಹೇಳಲಿಲ್ಲ.

ಸೋಮವಾರ, ಗುರುವಾರ, ವಾಚನಾಲಯದ ಹಿಂದಿನ ಹಾಲ್.
ಒಂಬತ್ತು ಮಂದಿ, ಹದಿನೆಂಟು ಮೊಣಕಾಲು,
ಅದರಾಗ ಎರಡು ಸ್ಟೀಲಿನವು.
ಲಾತೂರಿನ ಹುಡುಗಿ ಶಲಾಕಾ ಖಡುವಿಲೆ ನೆಲಕ್ಕೊಂದು ಗೆರಿ ಎಳದು
ಹಿಮ್ಮಡಕ್ಕ ಹೆಬ್ಬೆರಳು ಹಚ್ಚಿ ನಡೀರಿ ಅಂತಾಳ.
ಕೈ ಊರದ ಕುರ್ಚಿಯಿಂದ ಏಳ್ರಿ ಅಂತಾಳ.
ಘಡಿ ಮಾಡಿದ ಗಾದಿ ಮ್ಯಾಲೆ ನಿಂದರಸ್ತಾಳ.
ಗಾದಿ ಮೆತ್ತಗ, ಎದಿ ಕಲ್ಲು.

ಒಂದಿನ ಎಲ್ಲಾರೂ ನೆಲಕ್ಕ ಮಲಗ್ರಿ ಅಂದ್ಲು,
ಬಿದ್ದಮ್ಯಾಲೆ ಏಳೂದು ಮೊದಲು ಕಲೀಬೇಕಂತ.
ಲಗಮವ್ವ ಬಿರಾಜದಾರ ಆರು ವರ್ಷ ಆತು ನೆಲಕ್ಕ ಕುಂತೇ ಇಲ್ಲ.
ಅಂಗಾತ ಮಲಗಿ, ಮ್ಯಾಲೆ ನೋಡಿ, ನಗಲಿಕ್ಕೆ ಹತ್ತಿದಳು:
"ಅಯ್ಯ, ಫ್ಯಾನಿನ ಬಟ್ಟಲದಾಗ ಗುಬ್ಬಿ ಗೂಡೈತಿ!"
ಗೂಡು ನೋಡಲಿಕ್ಕಂತ ಉಳದವರೂ ಮಲಗಿದಿವಿ.
ಮಗ್ಗಲು, ಮೊಣಕೈ, ಮೊಣಕಾಲು, ಕುರ್ಚಿ.
ಏಳಲಿಕ್ಕೆ ಅರ್ಧ ತಾಸು ಹಿಡೀತು.

ನನ್ನ ಕಾಲು ಮಾತ್ರ ಗೆರಿ ಮ್ಯಾಲೆ ನಡಗತಿದ್ವು.
"ಕಾಲು ನೋಡಬ್ಯಾಡ್ರಿ ಆಜೋಬಾ, ಏನರ ಮಾತಾಡಕೋತ ನಡೀರಿ."
ಏನ್ ಮಾತಾಡ್ಲಿ? ಬಾಯಿಗೆ ಬಂದದ್ದು:
ಕುಂಬಾರಿ... ಯಾರ್ರೀ ಕುಂಬಾರಿ ಇಳಿಯೋರು...
ಮುಂದ ಸರೀರಿ, ಬಾಗಲ್ದಾಗ ನಿಂದರಬ್ಯಾಡ್ರಿ...
ವಳಸಂಗ, ವಳಸಂಗ...
ಹಳೇ ಸೀಟು ತಾನ ಬಂದು ಸೊಂಟಕ್ಕ ಹತ್ತಿಕೊಂಡಂಗಾತು.
ಗೆರಿ ಮುಗದದ್ದು ಗ್ವಾಡಿಗೆ ಮೂಗು ತಾಕಿದಾಗ ಗೊತ್ತು.

ಸುಳ್ಳು ಯಾಕ ಹೇಳ್ಲಿ, ಅಂಜಿಕಿ ಇಳದು ಹೋಗಿಲ್ಲ.
ಪಾಸಿನ ಪ್ಯಾಸೆಂಜರ್ ಅದು, ದಿನಾ ಹತ್ತತೈತಿ,
ಖರೆ ಈಗೀಗ ಹಿಂದಿನ ಸೀಟಿಗೆ ಹೋಗಿ ಕುಂಡರತೈತಿ.
ದೀಪಾವಳಿಗೆ ಗ್ವಾಡಿಗೆ ಸುಣ್ಣ ಹಚ್ಚಸ್ತೀನಿ ಅಂದಾಳ ಸೊಸಿ.
ಮೋರಿ ಮೂಲಿ ಒಂದಷ್ಟು ಬಿಡು ಅಂದೇನಿ.

ಇವತ್ತು ಒಂದ್ ಕಾಲ ಮ್ಯಾಲೆ ನಿಂದರೂದು.
ಶಲಾಕಾ ಮರಾಠಿಯಾಗ ಎಣಸ್ತಾಳ,
ನಾ ಬಾಯೊಳಗ ಕನ್ನಡದಾಗ.
ಸಹಾ ಅಂದ್ಲು. ಆರು.
ಸಾತ್ ಅಂದ್ಲು.
"ಏಳು!"
ಜೋರಾಗೇ ಬಂತು.
ತೂಕಡಿಸಕೋತ ಕುಂತ ಲಗಮವ್ವ
ಕೈ ಊರದ ದಡಕ್ಕನ ಎದ್ದು ನಿಂತಳು,
ಸೆರಗು ಸರಿ ಮಾಡಿಕೊಂಡು:
"ಯಾಕ್ರಿ, ಯಾರ್ ಬಂದ್ರು?"

ಎಂಟಕ್ಕ ನಾ ಕುರ್ಚಿ ಹಿಡದೆ,
ನಗಿ ತಡೀಲಾರದ.